ಮ್ಯಾಂಚೆಸ್ಟರ್‌ನಲ್ಲಿ ಮೊದಲ ಮ್ಯಾಚ್: ಸಣ್ಣ ಮೈದಾನದಿಂದ ಶುರು ಮಾಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಕಾರವಾರದ ಕೋಡಿಬಾಗದವನು, ವಯಸ್ಸು 67. ಹುಡುಗನಾಗಿದ್ದಾಗ ಮಾಲಾದೇವಿ ಮೈದಾನದಲ್ಲಿ ಫುಟ್‌ಬಾಲ್ ಆಡಿದ್ದೇನೆ. ಆಮೇಲೆ ಗೋವಾದ ಫಾತೋರ್ಡಾಕ್ಕೆ ಹೋಗಿ ಡೆಂಪೊ, ಸಾಲಗಾಂವ್ಕರ್ ಮ್ಯಾಚ್‌ಗಳನ್ನು ನೋಡಿದ್ದೇನೆ. ಮಗಳು, ಅಳಿಯ ಮ್ಯಾಂಚೆಸ್ಟರ್‌ನಲ್ಲಿದ್ದಾರೆ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಮೂರು ತಿಂಗಳಿಗೆ ಅಲ್ಲಿಗೆ ಹೋಗುತ್ತಿದ್ದೇವೆ. ಒಂದಾದರೂ ಮ್ಯಾಚ್ ಕಣ್ಣಾರೆ ನೋಡಬೇಕು ಅಂತ ಆಸೆ. ಟಿಕೆಟ್ ಸಿಗೋದು ಕಷ್ಟ, ಸಿಕ್ಕರೂ ದುಬಾರಿ ಅಂತ ಮಗಳು ಹೇಳುತ್ತಾಳೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಮಾರುತ್ತಾರೆ ಅಂತ ಅಳಿಯ ಹೇಳಿದ. ಅಲ್ಲಿ ಕುಡಿದು ಗಲಾಟೆ ಮಾಡುತ್ತಾರೆ, ನಮ್ಮಂಥವರನ್ನು ಕಂಡರೆ ಏನಾದರೂ ಅಂದಾರು ಅಂತ ಹೆಂಡತಿಗೆ ಹೆದರಿಕೆ. ಅವಳ ತವರು ಶಿರಸಿ, ಶುದ್ಧ ಸಸ್ಯಾಹಾರಿ. ನನಗೆ ಮಂಡಿ ನೋವು ಬೇರೆ. ಹೇಗೆ ಮಾಡೋಣ?

ಉತ್ತರ: ಮೊದಲು ಅಳಿಯಂದಿರಿಗೆ ಒಂದು ಮಾತು ಹೇಳಿ. ವಾಟ್ಸ್‌ಆ್ಯಪ್ ಗ್ರೂಪಿನ ಟಿಕೆಟ್ ಬೇಡವೇ ಬೇಡ. ದುಡ್ಡು ಇನ್ನೂ ಕಳಿಸಿಲ್ಲ ಅಂದರೆ ಕಳಿಸಬೇಡಿ. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಇಂಥ ಮ್ಯಾಚ್‌ಗಳ ಟಿಕೆಟ್ ಮಾರುವುದು ಅಪರಾಧ. 1994ರಿಂದ ಅದಕ್ಕೆ ಕಾನೂನಿದೆ. ಜಾಸ್ತಿ ಬೆಲೆಗೆ ಮಾರಿದರೆ ಮಾತ್ರ ತಪ್ಪು ಅಂತಲ್ಲ, ಕೊಂಡ ಬೆಲೆಗೇ ಮಾರಿದರೂ ತಪ್ಪು. ಕೊಂಡವರ ಮೇಲೆ ಕೇಸು ಆಗುವುದಿಲ್ಲ, ನಿಜ. ಆದರೆ ಆ ಟಿಕೆಟ್ ಬೇರೆ ಯಾರದೋ ಹೆಸರಲ್ಲಿರುತ್ತದೆ. ಕ್ಲಬ್ಬಿಗೆ ಗೊತ್ತಾದರೆ ರದ್ದು ಮಾಡುತ್ತದೆ. ಒಂದೇ ಟಿಕೆಟ್ಟಿನ ಸ್ಕ್ರೀನ್‌ಶಾಟನ್ನು ನಾಲ್ಕು ಜನಕ್ಕೆ ಮಾರುವವರೂ ಇದ್ದಾರೆ. ಸ್ಟೇಡಿಯಂ ಹೊರಗೆ ನಿಂತು ಮೆಲ್ಲಗೆ ‘ಟಿಕೆಟ್ ಬೇಕಾ’ ಅಂತ ಕೇಳುವವರದ್ದೂ ಇದೇ ಕಥೆ. ಬೇರೆ ದೇಶದಲ್ಲಿ ಕೂತು ವೆಬ್‌ಸೈಟ್ ನಡೆಸುವ ಮರುಮಾರಾಟದವರನ್ನೂ ನಂಬಬೇಡಿ. ಕ್ಲಬ್ಬಿನ ಸ್ವಂತ ವೆಬ್‌ಸೈಟ್, ಕ್ಲಬ್ಬೇ ಹೆಸರಿಸಿದ ಮಾರಾಟಗಾರರು, ಅಷ್ಟೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನನ್ನ ಸಲಹೆ ಇದು: ಮೊದಲ ಮ್ಯಾಚ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲೋ ಮ್ಯಾಂಚೆಸ್ಟರ್ ಸಿಟಿಯ ಎತಿಹಾದ್‌ನಲ್ಲೋ ನೋಡಬೇಡಿ. ಮಗಳ ಮನೆಗೆ ಹತ್ತಿರದ ಸಣ್ಣ ಕ್ಲಬ್ಬಿನ ಮೈದಾನಕ್ಕೆ ಹೋಗಿ. ದೊಡ್ಡದನ್ನು ಆಮೇಲೆ ನೋಡೋಣ. ಟಿಕೆಟ್ ಸುಲಭ, ಖರ್ಚು ಕಡಿಮೆ ಅನ್ನೋದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನೀವು ಆಡಿದವರು. ಆಟಗಾರನ ಉಸಿರು, ಕೂಗು, ಚೆಂಡಿಗೆ ಕಾಲು ತಗಲುವ ಸದ್ದು ಕೇಳುವಷ್ಟು ಹತ್ತಿರ ಕೂತರೆ ನಿಮಗೆ ಆಗುವ ಖುಷಿ, ಮುಕ್ಕಾಲು ಲಕ್ಷ ಜನರ ನಡುವೆ ಮೇಲಿನ ಮಹಡಿಯಲ್ಲಿ ಕೂತರೆ ಸಿಗುವುದಿಲ್ಲ.

ಅಲ್ಲಿಯ ಫುಟ್‌ಬಾಲ್ ಅಂದರೆ ನಾವು ಟಿವಿಯಲ್ಲಿ ನೋಡುವ ಪ್ರೀಮಿಯರ್ ಲೀಗ್ ಅಷ್ಟೇ ಅಲ್ಲ. ಅದರಲ್ಲಿ ಇರುವುದು 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಅಂತ ಮೂರು ಮೆಟ್ಟಿಲು, ಒಂದೊಂದರಲ್ಲಿ 24 ಕ್ಲಬ್, ಒಟ್ಟು 72. ಅದರ ಕೆಳಗೆ ಊರೂರಿನ ಕ್ಲಬ್‌ಗಳು. ಅವನ್ನೆಲ್ಲ ಸೇರಿಸಿ ‘ನಾನ್ ಲೀಗ್’ ಅನ್ನುತ್ತಾರೆ. ಸೀಸನ್ ಕೊನೆಗೆ ಪಟ್ಟಿಯ ತುದಿಯಲ್ಲಿದ್ದರೆ ಮೇಲಿನ ಮೆಟ್ಟಿಲು, ತಳದಲ್ಲಿದ್ದರೆ ಕೆಳಗಿನ ಮೆಟ್ಟಿಲು. ಹಾಗಾಗಿ ಎಷ್ಟೇ ಸಣ್ಣ ಮ್ಯಾಚ್ ಆದರೂ ಅಲ್ಲಿ ಸುಮ್ನೆ ಆಡುವುದಿಲ್ಲ.

ನೀವು ಹೋಗುತ್ತಿರುವ ಊರು ಇದಕ್ಕೆಲ್ಲ ತವರು. 12 ಕ್ಲಬ್ ಸೇರಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಕಟ್ಟಿದ್ದು 1888ರಲ್ಲಿ, ಮ್ಯಾಂಚೆಸ್ಟರ್‌ನ ಒಂದು ಹೋಟೆಲಿನಲ್ಲಿ ಕೂತು. ಈಗಿನ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ನ್ಯೂಟನ್ ಹೀತ್ ಎಂಬ ತಂಡ. ಮ್ಯಾಂಚೆಸ್ಟರ್ ಸಿಟಿ 1880ರಲ್ಲಿ ಒಂದು ಚರ್ಚಿನವರು ಶುರು ಮಾಡಿದ್ದು. ಶನಿವಾರ ಮಧ್ಯಾಹ್ನ 3 ಗಂಟೆಗೆ ಮ್ಯಾಚ್ ಅನ್ನೋ ರೂಢಿಯೂ ಕಾರ್ಮಿಕರದ್ದೇ. 1850ರ ಕಾನೂನು ಬಟ್ಟೆ ಗಿರಣಿಗಳಲ್ಲಿ ಹೆಂಗಸರು, ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಬೇಕು ಅಂದಿತು. ಅವರಿಲ್ಲದೆ ಗಿರಣಿ ಓಡುತ್ತಿರಲಿಲ್ಲ. ಹಾಗಾಗಿ ಗಂಡಸರಿಗೂ ಬರಬರುತ್ತ ಶನಿವಾರದ ಮಧ್ಯಾಹ್ನ ಬಿಡುವಾಯಿತು. ಆ ಬಿಡುವಿನಲ್ಲಿ ಫುಟ್‌ಬಾಲ್ ಬೆಳೆಯಿತು.

ಆ ಗಿರಣಿಗಳಿಗೂ ನಮ್ಮ ಕಾರವಾರಕ್ಕೂ ಒಂದು ನಂಟಿದೆ, ಹೇಳದೆ ಮುಂದೆ ಹೋಗಲಾರೆ. ಧಾರವಾಡ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಕಾರವಾರ, ಸದಾಶಿವಗಡದ ಕಡೆ ಬಂದರು ಬೇಕು ಅಂತ ಮ್ಯಾಂಚೆಸ್ಟರ್‌ನ ಹತ್ತಿ ವ್ಯಾಪಾರಿಗಳು ಒತ್ತಾಯ ಮಾಡಿದ್ದರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್‌ನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಮೈದಾನದಲ್ಲಿ ಪಕ್ಕ ಕೂತ ಹಿರಿಯರು ‘ಎಲ್ಲಿಯವರು ನೀವು’ ಅಂತ ಕೇಳಿದರೆ ಇದನ್ನು ಹೇಳಿ. ಮಾತು ಬೆಳೆಯುತ್ತದೆ.

ಇನ್ನೊಂದು ವಿಷಯ. ಶನಿವಾರ ಮಧ್ಯಾಹ್ನ 2.45ರಿಂದ 5.15ರ ತನಕ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಫುಟ್‌ಬಾಲ್ ಮ್ಯಾಚನ್ನು ಟಿವಿಯಲ್ಲಿ ನೇರ ತೋರಿಸುವಂತಿಲ್ಲ. 1960ರ ದಶಕದಿಂದ ಬಂದ ಪದ್ಧತಿ ಇದು. ದೊಡ್ಡ ಕ್ಲಬ್‌ಗಳ ಆಟ ಮನೆಯಲ್ಲೇ ಸಿಕ್ಕಿದರೆ ಊರಿನ ಸಣ್ಣ ಕ್ಲಬ್ಬಿಗೆ ಯಾರು ಬರುತ್ತಾರೆ ಎಂಬ ಕಾಳಜಿ. ನೀವು ಕಾರವಾರದಲ್ಲಿ ಶನಿವಾರ ರಾತ್ರಿ 7.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ ನೋಡಿರುವ ಎಷ್ಟೋ ಮ್ಯಾಚ್‌ಗಳನ್ನು ಮ್ಯಾಂಚೆಸ್ಟರ್‌ನಲ್ಲಿ ಇರುವವರೇ ಟಿವಿಯಲ್ಲಿ ನೋಡಿಲ್ಲ. ಆ ಹೊತ್ತಿಗೆ ಅವರು ಮೈದಾನದಲ್ಲಿರುತ್ತಾರೆ. ನೀವೂ ಅಲ್ಲಿರಿ ಅಂತ ನಾನು ಹೇಳುತ್ತಿರುವುದು.

ಎಲ್ಲಿಗೆ ಹೋಗಬಹುದು? ಸ್ಟಾಕ್‌ಪೋರ್ಟ್ ಕೌಂಟಿ ನನಗೆ ಬಹಳ ಇಷ್ಟ. ಮ್ಯಾಂಚೆಸ್ಟರ್ ಪಿಕಾಡಿಲಿ ಸ್ಟೇಷನ್ನಿನಿಂದ ರೈಲಿನಲ್ಲಿ ಹತ್ತು ನಿಮಿಷದ ದಾರಿ. ಇಳಿದು ನಡೆದೇ ಎಜ್ಲಿ ಪಾರ್ಕ್ ಮೈದಾನ ಸೇರಬಹುದು. 1902ರಿಂದ ಅವರು ಅಲ್ಲೇ ಆಡುತ್ತಿದ್ದಾರೆ. ಹತ್ತು ಸಾವಿರಕ್ಕೆ ಸ್ವಲ್ಪ ಮೇಲೆ ಜನ ಹಿಡಿಸುವ ಜಾಗ, ಸುತ್ತ ಮನೆಗಳು, ಬೀದಿಗಳು. ಸಾಲ್ಫರ್ಡ್ ಸಿಟಿ ಇನ್ನೂ ಚಿಕ್ಕದು, ಐದು ಸಾವಿರದ ಮೈದಾನ. ಬೋಲ್ಟನ್, ಓಲ್ಡ್‌ಹ್ಯಾಮ್, ರೋಚ್‌ಡೇಲ್ ಎಲ್ಲವೂ ಹತ್ತಿರದ ಊರುಗಳೇ, ಒಂದೊಂದಕ್ಕೂ ಹಳೆಯ ಕ್ಲಬ್ ಇದೆ.

ಕೆಳ ಹಂತದ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಥೆಯಂತೂ ಕೇಳಬೇಕು. 2005ರಲ್ಲಿ ಅಮೆರಿಕದ ಒಂದು ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಕೊಂಡಿತು. ಅದನ್ನು ಒಪ್ಪದ ಅಭಿಮಾನಿಗಳು ಹೊರಬಂದು ತಮ್ಮದೇ ಕ್ಲಬ್ ಕಟ್ಟಿದರು. ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದೇ ವೋಟು. ಜನರಿಂದಲೂ ಹಣ ಎತ್ತಿ 2015ರಲ್ಲಿ ಮಾಸ್ಟನ್ ಎಂಬಲ್ಲಿ ಸ್ವಂತ ಮೈದಾನ ಮಾಡಿಕೊಂಡರು. ಇಂಥ ನಾನ್ ಲೀಗ್ ಮ್ಯಾಚಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಪೌಂಡ್ ಟಿಕೆಟ್. ಲೀಗ್ ಒನ್, ಲೀಗ್ ಟೂ ಆದರೆ ಇಪ್ಪತ್ತರಿಂದ ಮೂವತ್ತರ ಆಸುಪಾಸು. 65 ದಾಟಿದವರಿಗೆ ಬಹಳ ಕ್ಲಬ್‌ಗಳಲ್ಲಿ ರಿಯಾಯಿತಿ ಉಂಟು. ವಯಸ್ಸಿಗೆ ಪುರಾವೆ ಕೇಳಬಹುದು. ಪಾಸ್‌ಪೋರ್ಟಿನ ಪ್ರತಿ ಜೇಬಿನಲ್ಲಿರಲಿ.

ನಾನ್ ಲೀಗ್ ಮೈದಾನದಲ್ಲಿ ಬಹಳ ಸಲ ಎರಡೂ ತಂಡದ ಜನ ಬೆರೆತೇ ಇರುತ್ತಾರೆ. ತಮ್ಮ ತಂಡ ಯಾವ ಗೋಲಿನ ಕಡೆ ಹೊಡೆಯುತ್ತಿದೆಯೋ ಆ ಗೋಲಿನ ಹಿಂದೆ ಹೋಗಿ ನಿಲ್ಲುತ್ತಾರೆ. ಹಾಫ್ ಟೈಮ್ ಆದ ಮೇಲೆ ಇಡೀ ಗುಂಪು ಎದ್ದು ಆಚೆ ತುದಿಗೆ ನಡೆಯುತ್ತದೆ. ಮಾಲಾದೇವಿಯಲ್ಲಿ ನೀವೂ ಹಾಗೆ ಗೆರೆಯ ಪಕ್ಕ ಓಡಾಡುತ್ತ ನೋಡಿದವರೇ ಅಲ್ವಾ?

ಈಗ ಆಟ ನೋಡುವ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿವಿಯ ಆಟಕ್ಕೆ ಒಗ್ಗಿದ ಕಣ್ಣಿಗೆ ಮೈದಾನದಲ್ಲಿ ಮೊದಲ ಹದಿನೈದು ನಿಮಿಷ ಏನೋ ಕಳೆದುಹೋದ ಹಾಗೆ ಅನಿಸುತ್ತದೆ. ಕಾಮೆಂಟರಿ ಇಲ್ಲ. ರಿಪ್ಲೇ ಇಲ್ಲ. ಕಣ್ಣು ಆಚೆ ಹೋದಾಗ ಗೋಲಾದರೆ ಅದು ಹೋದದ್ದೇ. ಅನೇಕರು ಇಲ್ಲಿ ಬೇಜಾರಾಗಿ ಮೊಬೈಲ್ ತೆಗೆಯುತ್ತಾರೆ. ಯಕ್ಷಗಾನ ಟಿವಿಯಲ್ಲಿ ನೋಡುವುದಕ್ಕೂ ಬಯಲಾಟದಲ್ಲಿ ಕೂತು ನೋಡುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಟಿವಿಯಲ್ಲಿ ಮಾತಾಡುವ ವೇಷ ಮಾತ್ರ ಕಾಣುತ್ತದೆ. ಬಯಲಲ್ಲಿ ಕೂತರೆ ಆ ಮಾತಿಗೆ ಎದುರು ವೇಷದ ಮುಖ ಏನಾಯಿತು, ಮದ್ದಳೆಯವರು ಯಾವಾಗ ಕೈ ಎತ್ತಿದರು, ಎಲ್ಲ ಕಾಣುತ್ತದೆ. ಇಲ್ಲೂ ಅಷ್ಟೇ. ಟಿವಿಯ ಚೌಕಟ್ಟಿನಲ್ಲಿ ಚೆಂಡು, ಅದರ ಸುತ್ತ ಕೆಲವರು. ಮೈದಾನದಲ್ಲಿ ಇಪ್ಪತ್ತೆರಡೂ ಜನ ಒಟ್ಟಿಗೆ.

ಹಾಗಾಗಿ ಚೆಂಡನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ತನ್ನ ಗೋಲಿನ ಮುಂದೆ ನಡುವಿನಲ್ಲಿ ನಿಂತು ತಡೆಯುವ ಒಬ್ಬ ಸೆಂಟರ್ ಬ್ಯಾಕ್ ಆಟಗಾರನನ್ನು ಹತ್ತು ನಿಮಿಷ ನೋಡಿ, ಅವನೊಬ್ಬನನ್ನೇ. ತನ್ನ ತಂಡದ ಹತ್ತಿರ ಚೆಂಡು ಇದ್ದಾಗಲೂ ಅವನು ತಲೆ ತಿರುಗಿಸಿ ಎದುರಾಳಿ ಫಾರ್ವರ್ಡ್ ಎಲ್ಲಿದ್ದಾನೆ ಅಂತ ನೋಡುತ್ತಲೇ ಇರುತ್ತಾನೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪಕ್ಕದವನಿಗೆ ಕೈಸನ್ನೆ. ಆಫ್‌ಸೈಡ್ ಗೆರೆ ಹುಟ್ಟುವುದು ಹೀಗೆ. ಚೆಂಡು ಎಡಗಡೆ ಹೋದಾಗ ಬಲಗಡೆಯವರು ಹೇಗೆ ಒಳಗೆ ಸರಿದು ಬರುತ್ತಾರೆ ನೋಡಿ. ಇಡೀ ತಂಡ ಒಟ್ಟಿಗೆ ಸರಿಯುತ್ತದೆ. ಒಬ್ಬ ಸರಿಯುವುದು ತಡ ಮಾಡಿದರೆ ಅಲ್ಲಿ ಸಂದಿ ಬೀಳುತ್ತದೆ. ಗೋಲು ಬರುವುದು ಆ ಸಂದಿಯಿಂದಲೇ. ಟಿವಿಯಲ್ಲಿ ಗೋಲು ಕಾಣುತ್ತದೆ. ಸಂದಿ ಬಿದ್ದದ್ದು ಇಲ್ಲಿ ಕಾಣುತ್ತದೆ.

ಗೋಲ್‌ಕೀಪರ್ ಕಡೆಗೂ ಕಣ್ಣಿಡಿ. ತನ್ನ ತಂಡ ಮುಂದೆ ಹೋದಾಗ ಅವನು ಪೆನಾಲ್ಟಿ ಬಾಕ್ಸ್ ಬಿಟ್ಟು ಎಷ್ಟು ಮುಂದೆ ಬರುತ್ತಾನೆ ಅನ್ನೋದು ಈಗಿನ ಆಟದ ದೊಡ್ಡ ಬದಲಾವಣೆ. ನೀವು ಆಡುತ್ತಿದ್ದ ಕಾಲದಲ್ಲಿ ಕೀಪರ್ ಗೋಲುಗೆರೆ ಬಿಟ್ಟು ಕದಲುತ್ತಿದ್ದದ್ದು ಕಡಿಮೆ. 1992ರಲ್ಲಿ ನಿಯಮ ಬದಲಾಯಿತು. ಸ್ವಂತ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಅಲ್ಲಿಂದ ಕೀಪರ್‌ಗೂ ಕಾಲಿನ ಕೆಲಸ ಕಡ್ಡಾಯವಾಯಿತು.

ಕಿವಿಯನ್ನೂ ಬಳಸಿ. ಸಣ್ಣ ಮೈದಾನದಲ್ಲಿ ಆಟಗಾರರ ಕೂಗು ಸ್ಪಷ್ಟವಾಗಿ ಕೇಳುತ್ತದೆ. ಹಿಂದೆ ಒಬ್ಬ ಬರುತ್ತಿದ್ದಾನೆ, ಟೈಮ್ ಇದೆ, ತಿರುಗು, ಮೇಲೆ ಬನ್ನಿ. ಮಾಲಾದೇವಿಯಲ್ಲಿ ನೀವು ಕೊಂಕಣಿಯಲ್ಲಿ ಕೂಗಿದ್ದೇ ಇಲ್ಲಿ ಇಂಗ್ಲಿಷಿನಲ್ಲಿ. ಜನರ ಸದ್ದಿನಲ್ಲೂ ವಿಶೇಷ ಇದೆ. ಇಂಗ್ಲೆಂಡಿನವರು ಗೋಲಿಗೆ ಮಾತ್ರ ಕೂಗುವುದಿಲ್ಲ. ಕಾರ್ನರ್ ಸಿಕ್ಕಿದರೂ ಚಪ್ಪಾಳೆ. ಒಬ್ಬ ಡಿಫೆಂಡರ್ ಜಾರಿ ಹೋಗಿ ಚೆಂಡು ಕಿತ್ತುಕೊಂಡರೆ ಗೋಲಿನಷ್ಟೇ ಗದ್ದಲ. ಸೋಲುತ್ತಿದ್ದರೂ ಓಡುವವನಿಗೆ ಗೌರವ ಕೊಡುತ್ತಾರೆ, ಓಡದವನನ್ನು ಬಿಡುವುದಿಲ್ಲ. ಇದು ನನಗೆ ಅಲ್ಲಿಯ ಜನರಲ್ಲಿ ತುಂಬಾ ಹಿಡಿಸಿದ ಗುಣ.

ಇನ್ನೊಂದು ಸಂತೋಷ. ಲೀಗ್ ಒನ್, ಲೀಗ್ ಟೂ, ನಾನ್ ಲೀಗ್ ಮ್ಯಾಚ್‌ಗಳಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಯ ತೀರ್ಪು ಪರಿಶೀಲಿಸುವ ಪದ್ಧತಿ, ಇಲ್ಲ. ಗೋಲಾದರೆ ಗೋಲು. ಟಿವಿ ಪರದೆ ನೋಡಿ ರೆಫರಿ ಏನು ಹೇಳುತ್ತಾನೋ ಅಂತ ಮೂರು ನಿಮಿಷ ಕಾಯಬೇಕಿಲ್ಲ. ಮೊದಲ ಸಲ ಹೋಗುವವರು ಆ ತಡೆಯಿಲ್ಲದ ಕೂಗನ್ನು ಒಮ್ಮೆ ಕೇಳಬೇಕು.

ಮಂಡಿ ನೋವಿನ ವಿಷಯಕ್ಕೆ ಬರೋಣ. ಟಿಕೆಟ್ ತೆಗೆಯುವಾಗ ಜಾಗ ಆರಿಸುವುದೇ ಮುಖ್ಯ. ಗೋಲಿನ ಹಿಂದಿನ ಸ್ಟ್ಯಾಂಡ್ ಬೇಡ. ಅಲ್ಲಿ ಹಾಡುವ ಗುಂಪು ಇರುತ್ತದೆ, ಪೂರ್ತಿ ತೊಂಬತ್ತು ನಿಮಿಷ ನಿಂತೇ ನೋಡುತ್ತಾರೆ. ನಿಮ್ಮ ಮುಂದಿನವರು ನಿಂತರೆ ನೀವೂ ನಿಲ್ಲಬೇಕು. ಉದ್ದದ ಬದಿಯ ಸ್ಟ್ಯಾಂಡಿನಲ್ಲಿ, ನಡುಗೆರೆಯ ಆಸುಪಾಸು, ಕೆಳಗಿನಿಂದ ಹತ್ತು ಹದಿನೈದನೇ ಸಾಲು ತೆಗೆದುಕೊಳ್ಳಿ. ಹಾದಿಯ ಪಕ್ಕದ ಸೀಟು ಕೇಳಿ, ಕಾಲು ಚಾಚಬಹುದು. ಮೇಲಿನ ಮಹಡಿಯ ಮೆಟ್ಟಿಲು ಬಹಳ ಕಡಿದು. ಹಳೆಯ ಮೈದಾನಗಳಲ್ಲಿ ಚಾವಣಿ ಹೊತ್ತ ಕಂಬಗಳು ಕಣ್ಣಿಗೆ ಅಡ್ಡ ಬರುತ್ತವೆ. ಅಂಥ ಸೀಟಿನ ಟಿಕೆಟ್ಟಿನಲ್ಲಿ ‘ನೋಟಕ್ಕೆ ಅಡ್ಡಿ ಇದೆ’ ಅಂತ ಬರೆದಿರುತ್ತಾರೆ, ಬೆಲೆ ಕಡಿಮೆ. ಮೆಟ್ಟಿಲು ಹತ್ತಲು ಆಗುವುದಿಲ್ಲ ಅನ್ನುವವರಿಗೆ ಬಹಳ ಕ್ಲಬ್‌ಗಳಲ್ಲಿ ಬೇರೆ ವ್ಯವಸ್ಥೆ ಇದೆ. ಮೊದಲೇ ಫೋನ್ ಮಾಡಿ ಹೇಳಬೇಕು, ನಾಚಿಕೊಳ್ಳಬೇಡಿ.

ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ. 1970, 80ರ ದಶಕದಲ್ಲಿ ಅಲ್ಲಿ ನಿಜವಾಗಿಯೂ ಹೊಡೆದಾಟಗಳಿದ್ದವು. ಆದರೆ ಈಗಿನ ಸ್ಟೇಡಿಯಂ ಬೇರೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಮ್ಯಾಚಿನಲ್ಲಿ, ಬೇಲಿ ಹಾಕಿದ ಕಿಕ್ಕಿರಿದ ಜಾಗದೊಳಗೆ ಸಿಕ್ಕಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. ಅವರದ್ದು ಗಲಾಟೆ ಅಲ್ಲ. ಜನರನ್ನು ನಿಭಾಯಿಸಿದ ರೀತಿಯೇ ತಪ್ಪಾಗಿತ್ತು ಅಂತ ಸಾಬೀತು ಮಾಡಲು ಆ ಮನೆಯವರು ದಶಕಗಳ ಕಾಲ ಹೋರಾಡಿದರು. ಅದಾದ ಮೇಲೆ ಬಂದ ವರದಿಯ ಪ್ರಕಾರ ಮೇಲಿನ ಎರಡು ಹಂತದ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು, ಬೇಲಿಗಳು ಹೋದವು. 2022ರಿಂದ ಕೆಲವು ಕಡೆ ಕಂಬಿ ಹಾಕಿದ ಜಾಗದಲ್ಲಿ ನಿಲ್ಲಲು ಮತ್ತೆ ಒಪ್ಪಿಗೆ ಕೊಟ್ಟಿದ್ದಾರೆ. ಗೇಟಿನಲ್ಲಿ ತಪಾಸಣೆ, ಎಲ್ಲೆಲ್ಲೂ ಜನರನ್ನು ನೋಡಿಕೊಳ್ಳುವ ಹಳದಿ ಅಥವಾ ಕಿತ್ತಳೆ ಕೋಟಿನ ಸ್ಟುವರ್ಡ್‌ಗಳು, ಎದುರು ತಂಡದವರಿಗೆ ಬೇರೆ ಗೇಟು, ಬೇರೆ ಸ್ಟ್ಯಾಂಡ್.

ಕುಡಿತದ ಬಗ್ಗೆ: ದೊಡ್ಡ ಲೀಗ್‌ಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಮದ್ಯ ಕುಡಿಯುವ ಹಾಗಿಲ್ಲ, 1985ರ ಕಾನೂನು. ಹಾಗಾಗಿ ಬಿಯರ್ ಏನಿದ್ದರೂ ಸ್ಟ್ಯಾಂಡಿನ ಹಿಂದಿನ ಹಜಾರದಲ್ಲಿ. ಹಾಫ್ ಟೈಮಿಗೆ ಐದು ನಿಮಿಷ ಮೊದಲೇ ಜನ ಏಳಲು ಶುರು ಮಾಡುತ್ತಾರೆ, ನೂಕುನುಗ್ಗಲು ಆಗುವುದು ಆಗಲೇ. ನೀವಿಬ್ಬರೂ ಶೌಚಾಲಯಕ್ಕೆ ಹೋಗಬೇಕಾದರೆ ಎರಡನೇ ಅರ್ಧ ಶುರುವಾದ ಮೇಲೆ ಹೋಗಿ. ಮೈದಾನದ ಹತ್ತಿರದ ಪಬ್‌ಗಳನ್ನು ಮಾತ್ರ ಆ ದಿನ ಬಿಟ್ಟುಬಿಡಿ. ಬೈಗುಳ ಕಿವಿಗೆ ಬಿದ್ದೇ ಬೀಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು. ಬೇಡ ಅನಿಸಿದರೆ ಫ್ಯಾಮಿಲಿ ಸ್ಟ್ಯಾಂಡ್ ಇರುತ್ತದೆ. ಬರೀ ದೊಡ್ಡವರಿಗೆ ಅಲ್ಲಿ ಟಿಕೆಟ್ ಕೊಡುವುದು ಕಡಿಮೆ, ಮೊಮ್ಮಕ್ಕಳಿದ್ದರೆ ಕರೆದುಕೊಂಡು ಹೋಗಿ.

ಬಣ್ಣದ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ಸಹಿಸಿಕೊಂಡು ಕೂರಬೇಡಿ. ಜನಾಂಗ ನಿಂದನೆಯ ಘೋಷಣೆ ಕೂಗುವುದು 1991ರಿಂದ ಅಲ್ಲಿ ಅಪರಾಧ. ಸೀಟಿನ ನಂಬರ್ ನೋಡಿಕೊಂಡು ಸ್ಟುವರ್ಡ್‌ಗೆ ಹೇಳಿ. ದೂರು ಮೆಸೇಜ್ ಮಾಡುವ ನಂಬರನ್ನು ಬಹಳ ಮೈದಾನಗಳಲ್ಲಿ ಗೋಡೆ ಮೇಲೆ ಹಾಕಿರುತ್ತಾರೆ. ಕಿಕ್ ಇಟ್ ಔಟ್ ಎಂಬ ಸಂಸ್ಥೆ 1993ರಿಂದ ಇದಕ್ಕೆಂದೇ ಕೆಲಸ ಮಾಡುತ್ತಿದೆ. ಅಂಥ ಮಾತು ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ನಮ್ಮವರು ಅಲ್ಲಿ ಹೊಸಬರೂ ಅಲ್ಲ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಪಂಜಾಬಿಗಳದ್ದೇ ಅಭಿಮಾನಿ ಸಂಘವಿದೆ, ಪಂಜಾಬಿ ವುಲ್ವ್ಸ್ ಅಂತ, ಧೋಲ್ ಬಾರಿಸಿಕೊಂಡು ಹೋಗುತ್ತಾರೆ. ಸಣ್ಣ ಕ್ಲಬ್‌ಗಳಲ್ಲಿ ಹೊಸ ಮುಖ ಕಂಡರೆ ತಾವೇ ಬಂದು ಮಾತಾಡಿಸುವವರು ಜಾಸ್ತಿ.

ಊಟ ತಿಂಡಿ: ಅಲ್ಲಿಯ ಮೈದಾನದ ತಿಂಡಿ ಅಂದರೆ ಪೈ, ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸಿದ್ದು. ಹೆಚ್ಚಿನವು ಮಾಂಸದ್ದು. ಸಸ್ಯಾಹಾರಿಗಳಿಗೆ ಚೀಸ್ ಮತ್ತು ಈರುಳ್ಳಿಯ ಪೈ ಸಿಗುತ್ತದೆ, ಆದರೂ ಕೇಳಿಯೇ ತೆಗೆದುಕೊಳ್ಳಿ. ಗ್ರೇವಿ ಬೇಡ ಅನ್ನಿ, ಅದು ಮಾಂಸದ ರಸದ್ದಿರಬಹುದು. ಚಿಪ್ಸ್ (ಕರಿದ ದಪ್ಪ ಆಲೂಗಡ್ಡೆ ತುಂಡು) ಬಗ್ಗೆ ಹುಷಾರು. ಉತ್ತರ ಇಂಗ್ಲೆಂಡಿನ ಕೆಲವು ಚಿಪ್ಸ್ ಅಂಗಡಿಗಳಲ್ಲಿ ಈಗಲೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಮನೆಯಿಂದ ಚಪಾತಿ ಸುತ್ತಿ ಒಯ್ಯುವುದೇ ಒಳ್ಳೆಯದು, ಸಣ್ಣ ಪೊಟ್ಟಣಕ್ಕೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಗಾಜಿನ ಬಾಟಲಿ, ಡಬ್ಬಿ, ಸ್ಟೀಲ್ ಫ್ಲಾಸ್ಕ್ ಒಳಗೆ ಬಿಡುವುದು ಅನುಮಾನ. ಚೀಲ ಎ4 ಹಾಳೆಗಿಂತ ದೊಡ್ಡದಿರಬಾರದು, ಕೆಲವು ಕಡೆ ಅದಕ್ಕಿಂತಲೂ ಚಿಕ್ಕದು ಕೇಳುತ್ತಾರೆ. ಒಳಗೆ ನಗದು ನಡೆಯುವುದು ಅಪರೂಪ, ಕಾರ್ಡ್ ಬೇಕು.

ಮಳೆಗೆ ನೀವು ಹೆದರುವವರಲ್ಲ. ನಮ್ಮ ಜೂನ್, ಜುಲೈ ಮುಂದೆ ಅಲ್ಲಿಯದು ಮಳೆಯೇ ಅಲ್ಲ. ತೊಂದರೆ ಕೊಡುವುದು ಚಳಿ, ಅದೂ ಎರಡು ಗಂಟೆ ಅಲುಗಾಡದೆ ಕೂತಾಗ ಕಾಲಿನಿಂದ ಏರುವ ಚಳಿ. ಉಣ್ಣೆಯ ಕಾಲುಚೀಲ ಎರಡು ಜೊತೆ, ಒಳಗೆ ಥರ್ಮಲ್, ಮೇಲೆ ಕೋಟು, ಕಿವಿ ಮುಚ್ಚುವ ಟೊಪ್ಪಿ. ಕೊಡೆ ಬೇಡ, ಹಿಂದಿನವರಿಗೆ ಆಟ ಕಾಣುವುದಿಲ್ಲ. ನಿಮ್ಮ ಮನೆಯವರು ಸೀರೆಯಲ್ಲೇ ಹೋಗುತ್ತಾರೆ ಅಂದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಶೂ ಇರಲಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನವೆಂಬರ್ ನಡುವಿಗೆ ಸಂಜೆ ನಾಲ್ಕೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ. 3 ಗಂಟೆಯ ಮ್ಯಾಚ್ ಮುಗಿಯುವಾಗ ಪೂರ್ತಿ ಕತ್ತಲು, ವಾಪಸ್ ದಾರಿ ಮೊದಲೇ ನೋಡಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ದೊಡ್ಡ ಕ್ಲಬ್. ಓಲ್ಡ್ ಟ್ರಾಫರ್ಡ್ ನೋಡದೆ ಬರಬೇಡಿ ಅಂತ ನಾನೂ ಹೇಳುತ್ತೇನೆ. 1910ರ ಮೈದಾನ, 74 ಸಾವಿರ ಜನ ಹಿಡಿಸುತ್ತದೆ. ಪಕ್ಕದಲ್ಲೇ ಒಂದು ಲಕ್ಷ ಜನರ ಹೊಸ ಸ್ಟೇಡಿಯಂ ಕಟ್ಟುವುದಾಗಿ ಕ್ಲಬ್ 2025ರಲ್ಲಿ ಘೋಷಿಸಿದೆ. ಹಳೆಯದು ಇರುವಾಗಲೇ ನೋಡಿಬಿಡಿ. ಅಲ್ಲಿ ಟಿಕೆಟ್ ಬೇಕಾದರೆ ಮೊದಲು ಕ್ಲಬ್ಬಿನ ಮೆಂಬರ್ ಆಗಬೇಕು. ವರ್ಷಕ್ಕೆ ಮೂವತ್ತು ನಲವತ್ತು ಪೌಂಡ್ ಆಸುಪಾಸು, ಒಬ್ಬೊಬ್ಬರಿಗೂ ಬೇರೆ ಬೇರೆ. ಮೆಂಬರ್ ಆದ ಮಾತ್ರಕ್ಕೆ ಟಿಕೆಟ್ ಗ್ಯಾರಂಟಿ ಇಲ್ಲ, ಕೊಳ್ಳುವ ಸಾಲಿನಲ್ಲಿ ಜಾಗ ಸಿಗುತ್ತದೆ. ಸೀಸನ್ ಟಿಕೆಟ್ ಇದ್ದು ಬರಲಾಗದವರು ತಮ್ಮ ಸೀಟನ್ನು ಕ್ಲಬ್ಬಿನ ವೆಬ್‌ಸೈಟಿನಲ್ಲೇ ಮರಳಿ ಮಾರಾಟಕ್ಕೆ ಬಿಡುತ್ತಾರೆ. ಮ್ಯಾಚಿನ ವಾರದಲ್ಲಿ ದಿನಾ ನೋಡುತ್ತಿದ್ದರೆ ಒಂಟಿ ಸೀಟು ಸಿಗುವ ಸಾಧ್ಯತೆ ಜಾಸ್ತಿ, ಜೋಡಿ ಸೀಟು ಕಷ್ಟ. ಲೀಗ್ ಕಪ್ (ಸೋತವರು ಹೊರಗೆ ಹೋಗುವ ಬೇರೆ ಪಂದ್ಯಾವಳಿ) ಮ್ಯಾಚ್ ಬಿದ್ದರೆ ಬಿಡಬೇಡಿ. ವಾರದ ನಡುವೆ ರಾತ್ರಿ ಆಡುತ್ತಾರೆ, ಟಿಕೆಟ್ ಸ್ವಲ್ಪ ಸುಲಭ, ಬೆಲೆಯೂ ಬಹಳ ಸಲ ಕಡಿಮೆ. ಊಟ ಸೇರಿಸಿ ನೂರಾರು ಪೌಂಡಿಗೆ ಮಾರುವ ಪ್ಯಾಕೇಜುಗಳೂ ಇವೆ. ಆ ದುಡ್ಡಿಗೆ ಹತ್ತು ಸಣ್ಣ ಮ್ಯಾಚ್ ನೋಡಬಹುದು.

ದೊಡ್ಡ ಮೈದಾನದಲ್ಲಿ ಕೆಲವು ಕಟ್ಟುನಿಟ್ಟು. ಮನೆ ತಂಡದವರ ನಡುವೆ ಕೂತು ಎದುರು ತಂಡದ ಗೋಲಿಗೆ ಕೈ ತಟ್ಟಬೇಡಿ. ಸ್ಟುವರ್ಡ್ ಬಂದು ಹೊರಗೆ ಕಳಿಸಬಹುದು. ಸಿಟಿ ಮೈದಾನಕ್ಕೆ ಕೆಂಪು ಬೇಡ, ಯುನೈಟೆಡ್ ಮೈದಾನಕ್ಕೆ ಆಕಾಶನೀಲಿ ಬೇಡ, ಅವು ಎದುರಾಳಿ ಕ್ಲಬ್ಬಿನ ಬಣ್ಣ. ಶಾಲು ಸೀರೆಗೂ ಇದೇ ಮಾತು. ನವೆಂಬರ್ 11ರ ಆಸುಪಾಸಿನ ಮ್ಯಾಚ್ ಆದರೆ ಯುದ್ಧದಲ್ಲಿ ಸತ್ತವರಿಗಾಗಿ ಮೊದಲು ಒಂದು ನಿಮಿಷ ಮೌನ ಇರುತ್ತದೆ. ಎದ್ದು ನಿಲ್ಲಿ, ಫೋನ್ ಜೇಬಿನಲ್ಲಿರಲಿ.

ಟಿಕೆಟ್ ಸಿಗಲೇ ಇಲ್ಲ ಅಂದರೂ ಬೇಸರ ಬೇಡ. ಮ್ಯಾಚ್ ಇಲ್ಲದ ದಿನ ಓಲ್ಡ್ ಟ್ರಾಫರ್ಡ್ ಒಳಗೆ ಕರೆದೊಯ್ದು ತೋರಿಸುತ್ತಾರೆ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ತಂಡದ ವಿಮಾನ ಬಿದ್ದು 23 ಜನ ಸತ್ತರು, ಅವರಲ್ಲಿ ಎಂಟು ಮಂದಿ ಆಟಗಾರರು. ಆ ದಿನದ ನೆನಪಿನ ಗಡಿಯಾರ ಸ್ಟೇಡಿಯಂ ಹೊರಗೋಡೆಯಲ್ಲಿದೆ. ಪೇಟೆ ನಡುವೆ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ಇದೆ, ಮಳೆಯ ದಿನಕ್ಕೆ ಒಳ್ಳೆಯದು. ಎತಿಹಾದ್ ಪಕ್ಕದ 7 ಸಾವಿರದ ಮೈದಾನದಲ್ಲಿ ಸಿಟಿಯ ಮಹಿಳಾ ತಂಡ ಆಡುತ್ತದೆ. ಟಿಕೆಟ್ ಅಗ್ಗ, ಮಕ್ಕಳು ಮರಿ ತುಂಬಾ ಬರುತ್ತಾರೆ, ಆಟ ಮೊದಲ ದರ್ಜೆಯದು. ನಿಮ್ಮ ಮನೆಯವರು ಮೊದಲ ಸಲ ಇಲ್ಲಿಗೆ ಬಂದರೆ ಹೆದರಿಕೆ ಅರ್ಧ ಇಳಿಯುತ್ತದೆ.

ದಿನ ಗೊತ್ತು ಮಾಡುವಾಗ ಎರಡು ವಿಷಯ ನೆನಪಿಡಿ. ದೊಡ್ಡ ಕ್ಲಬ್‌ಗಳ ಮ್ಯಾಚ್ ಟಿವಿಯವರ ಸಲುವಾಗಿ ಶನಿವಾರದಿಂದ ಶುಕ್ರವಾರಕ್ಕೋ ಭಾನುವಾರಕ್ಕೋ ಸೋಮವಾರಕ್ಕೋ ಹೋಗುತ್ತದೆ. ದಿನ ಖಚಿತವಾಗುವ ತನಕ ರೈಲು, ಹೋಟೆಲ್ ಬುಕ್ ಮಾಡಬೇಡಿ. ಇನ್ನೊಂದು, ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಕೆಲವು ವಾರ ದೇಶ ದೇಶಗಳ ಮ್ಯಾಚ್‌ಗಾಗಿ ಪ್ರೀಮಿಯರ್ ಲೀಗ್, ಚಾಂಪಿಯನ್‌ಶಿಪ್ ಎರಡೂ ನಿಲ್ಲುತ್ತವೆ. ಆ ಶನಿವಾರಗಳಲ್ಲೂ ಅವುಗಳ ಕೆಳಗಿನ ಲೀಗ್‌ಗಳಲ್ಲಿ ಸಾಮಾನ್ಯವಾಗಿ ಆಟ ನಡೆದಿರುತ್ತದೆ. ನಿಮ್ಮ ಸಣ್ಣ ಮೈದಾನದ ಮ್ಯಾಚಿಗೆ ಆ ವಾರಗಳೇ ಸರಿ.

ಟಿಕೆಟ್ ಈಗ ಹೆಚ್ಚಾಗಿ ಮೊಬೈಲಿನಲ್ಲೇ ಬರುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ಫೋನಿನ ವಾಲೆಟ್‌ಗೆ ಹಾಕಿಟ್ಟುಕೊಳ್ಳಿ, ಮೈದಾನದ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ. ಫೋನ್ ಹಳೆಯದಾದರೆ ಗೇಟಿನ ಯಂತ್ರ ಓದದೇ ಇರಬಹುದು. ಕ್ಲಬ್ಬಿನ ಟಿಕೆಟ್ ಆಫೀಸಿಗೆ ಮೊದಲೇ ಹೇಳಿದರೆ ಬೇರೆ ದಾರಿ ಮಾಡಿಕೊಡುತ್ತಾರೆ. ದೊಡ್ಡ ಕ್ಲಬ್ ನೋಡಲೇಬೇಕು ಅಂದರೆ ಮಗಳಿಗೆ ಹೇಳಿ ನಿಮ್ಮಿಬ್ಬರ ಹೆಸರಲ್ಲೂ ಮೆಂಬರ್‌ಶಿಪ್ ಈಗಲೇ ಮಾಡಿಸಿ, ನೀವು ಹೋಗುವ ತನಕ ಕಾಯಬೇಡಿ. ಮಗಳ ಮನೆ ಯಾವ ಭಾಗದಲ್ಲಿ ಅಂತ ಬರೆದರೆ ಹತ್ತಿರದ ಕ್ಲಬ್ ಯಾವುದು, ಟ್ರಾಮ್‌ನಲ್ಲಿ ಎಲ್ಲಿ ಇಳಿಯಬೇಕು ಅನ್ನೋದನ್ನೂ ತಿಳಿಸುತ್ತೇನೆ.